ಕಿಡ್ನಿ ಫೈಲಿನಲ್ಲಿ ಕಿವಿಗೆ ಹಾಳೆಯಿಲ್ಲ

ಆಲೂರು ಕಡೆಯಿಂದ ವಾರಕ್ಕೆರಡು ಸಲ ಮೊದಲ ಬಸ್ಸು ಹಿಡಿದು ಡಯಾಲಿಸಿಸ್‌ಗೆ ಬರುವ, ಅರವತ್ತು ದಾಟಿದ ರೈತರೊಬ್ಬರು ಆ ದಿನ ತೂಕದ ಯಂತ್ರದ ಮೇಲೆ ನಿಂತಿದ್ದರು. ಹಿಂದಿನ ಸಲ ಮನೆಗೆ ಹೋದಾಗ ಇದ್ದ ತೂಕಕ್ಕಿಂತ ನಾಲ್ಕು ಕೆ.ಜಿ. ಏರಿತ್ತು. ಎರಡು ಡಯಾಲಿಸಿಸ್‌ಗಳ ನಡುವೆ ಏರುವ ತೂಕವೆಂದರೆ ಬಹುಪಾಲು ಮೈಯಲ್ಲಿ ನಿಂತ ನೀರೇ ಆದ್ದರಿಂದ ನರ್ಸ್ ಗದರಿದ್ದರಲ್ಲಿ ತಪ್ಪಿರಲಿಲ್ಲ. ಮುಖಕ್ಕೆ ಕಟ್ಟಿದ ಮಾಸ್ಕ್‌ನ ಒಳಗಿನಿಂದಲೇ, "ನೀರು ಕಡಿಮೆ ಕುಡೀರಿ ಅಂತ ಎಷ್ಟು ಸಲ ಹೇಳೋದು ಯಜಮಾನ್ರೆ?" ಎಂದರು. ರೈತರು ವಿಧೇಯವಾಗಿ ತಲೆಯಾಡಿಸಿ, "ಕುಡೀತಾ ಇದೀನಲ್ಲ ಸಿಸ್ಟರ್, ನೀವು ಹೇಳ್ದಂಗೇ ಕುಡೀತಿದೀನಿ" ಎಂದರು. ಅಕ್ಕಪಕ್ಕದ ಹಾಸಿಗೆಯವರು ನಕ್ಕರು. ಜೊತೆಗೆ ಬಂದಿದ್ದ ಹೆಂಡತಿ ಸಂಕೋಚದಿಂದ, "ಅವ್ರಿಗೆ ಕಿವಿ ಮಂದ ಕಣವ್ವ, ವಯಸ್ಸಾಯ್ತಲ್ಲ" ಎಂದು ಸಮಜಾಯಿಷಿ ಕೊಟ್ಟರು. 'ಕಡಿಮೆ' ಎಂಬ ಒಂದೇ ಒಂದು ಪದ ಜಾರಿಹೋಗಿ ವೈದ್ಯಕೀಯ ಸಲಹೆ ತಲೆಕೆಳಗಾಗಿತ್ತು.

ಈ ಪ್ರಸಂಗದಲ್ಲಿ ನನ್ನನ್ನು ಕಾಡಿದ್ದು ಹೆಂಡತಿಯ ವಿವರಣೆ, ಏಕೆಂದರೆ ಅಲ್ಲಿದ್ದ ಎಲ್ಲರೂ ಅದನ್ನು ಮರುಮಾತಿಲ್ಲದೆ ಒಪ್ಪಿಕೊಂಡರು. ಆ ರೈತರ ಕೈಯಲ್ಲಿದ್ದ ದಪ್ಪ ಫೈಲಿನಲ್ಲಿ ಕ್ರಿಯಾಟಿನಿನ್, ಹಿಮೋಗ್ಲೋಬಿನ್, ಪೊಟ್ಯಾಸಿಯಂ, ಹೃದಯದ ಎಕೋ, ಕಣ್ಣಿನ ಪರೀಕ್ಷೆ, ಹೆಪಟೈಟಿಸ್ ವರದಿ ಎಲ್ಲವೂ ಇದ್ದವು. ಕಿವಿಯ ಬಗ್ಗೆ ಒಂದು ಹಾಳೆಯೂ ಇರಲಿಲ್ಲ. ದೀರ್ಘಕಾಲದ ಮೂತ್ರಪಿಂಡ ಕಾಯಿಲೆಗೂ ಶ್ರವಣದೋಷಕ್ಕೂ ಇರುವ ನಂಟು ವೈದ್ಯವಿಜ್ಞಾನಕ್ಕೆ ಹೊಸದೇನಲ್ಲ. ಆದರೂ ಅದು ನಮ್ಮ ಜಿಲ್ಲೆಗಳ ಡಯಾಲಿಸಿಸ್ ಕೊಠಡಿಗಳವರೆಗೆ ನಡೆದು ಬಂದಂತೆ ಕಾಣುವುದಿಲ್ಲ.

ಈ ನಂಟಿನ ಬಗ್ಗೆ ಹೆಚ್ಚಾಗಿ ಉಲ್ಲೇಖವಾಗುವ ಅಧ್ಯಯನ ಆಸ್ಟ್ರೇಲಿಯಾದ್ದು. ಸಿಡ್ನಿ ನಗರದ ಪಶ್ಚಿಮಕ್ಕಿರುವ ಬ್ಲೂ ಮೌಂಟನ್ಸ್ ಪ್ರದೇಶದ, ಐವತ್ತು ವರ್ಷ ದಾಟಿದ 2,564 ಜನರನ್ನು ಪರೀಕ್ಷಿಸಿದ ಸಂಶೋಧಕರು 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಧ್ಯಮ ಹಂತದ ಮೂತ್ರಪಿಂಡ ಕಾಯಿಲೆ ಇದ್ದವರಲ್ಲಿ ಶೇ 54ರಷ್ಟು ಮಂದಿಗೆ ಒಂದಲ್ಲ ಒಂದು ಪ್ರಮಾಣದ ಶ್ರವಣದೋಷವಿತ್ತು. ಕಾಯಿಲೆ ಇಲ್ಲದವರಲ್ಲಿ ಈ ಪ್ರಮಾಣ ಶೇ 28. ತೀವ್ರ ಶ್ರವಣದೋಷವನ್ನಷ್ಟೇ ನೋಡಿದರೆ ಶೇ 30ಕ್ಕೆ ಎದುರಾಗಿ ಶೇ 10. ಈ ಅಂಕಿಗಳನ್ನು ಹಾಗೆಯೇ ನುಂಗುವುದು ಜಾಣತನವಲ್ಲ. ಕಿಡ್ನಿ ಕಾಯಿಲೆಯವರು ಸಾಮಾನ್ಯವಾಗಿ ಹೆಚ್ಚು ವಯಸ್ಸಾದವರು, ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ ಹೆಚ್ಚಾಗಿರುವವರು. ಇವೆಲ್ಲವೂ ತಮ್ಮಷ್ಟಕ್ಕೇ ಕಿವಿಯನ್ನು ಕೆಡಿಸಬಲ್ಲವು. ವಯಸ್ಸು, ಮಧುಮೇಹ, ರಕ್ತದೊತ್ತಡ, ಗದ್ದಲದ ಕೆಲಸ ಮುಂತಾದವುಗಳ ಪಾಲನ್ನು ಲೆಕ್ಕದಿಂದ ಕಳೆದ ಮೇಲೆ ಸಂಶೋಧಕರಿಗೆ ಉಳಿದದ್ದು ಸುಮಾರು 1.4 ಪಟ್ಟು ಹೆಚ್ಚಿನ ಸಾಧ್ಯತೆ. ಇದು ದೊಡ್ಡ ಅಂಕಿ ಅಲ್ಲ, ತಳ್ಳಿಹಾಕುವಂಥದ್ದೂ ಅಲ್ಲ. ಒಂದು ಕಾಲಘಟ್ಟದಲ್ಲಿ ತೆಗೆದ ಚಿತ್ರದಂತಿರುವ ಇಂಥ ಅಧ್ಯಯನ ಕಿಡ್ನಿಯೇ ಕಿವಿಯನ್ನು ಕೆಡಿಸಿತೆಂದು ಸಾಬೀತು ಮಾಡಲಾರದು. ಆ ಪ್ರಶ್ನೆಗೆ ಉತ್ತರ ಹುಡುಕಲು ಎರಡೂ ಅಂಗಗಳ ಒಳಗೆ ಇಣುಕಬೇಕು.

ಹುರುಳಿ ಬೀಜದ ಆಕಾರದ ಮೂತ್ರಪಿಂಡಕ್ಕೂ ಬಸವನಹುಳುವಿನ ಚಿಪ್ಪಿನಂತೆ ಎರಡೂವರೆ ಸುತ್ತು ಸುತ್ತಿಕೊಂಡು ತಲೆಬುರುಡೆಯ ಮೂಳೆಯೊಳಗೆ ಹುದುಗಿರುವ, ಒಳಕಿವಿಯಲ್ಲಿ ಶಬ್ದವನ್ನು ಹಿಡಿಯುವ ಅಂಗವಾದ ಕಾಕ್ಲಿಯಾಕ್ಕೂ ನೋಟದಲ್ಲಿ ಯಾವ ಹೋಲಿಕೆಯೂ ಇಲ್ಲ. ಆದರೆ ಇಬ್ಬರ ಕಸುಬು ಒಂದೇ: ರಕ್ತವನ್ನು ಪಕ್ಕದಲ್ಲಿಟ್ಟುಕೊಂಡು, ತೆಳುವಾದ ಪೊರೆಯೊಂದರ ಆಚೀಚೆ ಉಪ್ಪು ಮತ್ತು ನೀರನ್ನು ಅಳತೆ ಮಾಡಿ ಸಾಗಿಸುವುದು. ಕಾಕ್ಲಿಯಾದ ಗೋಡೆಯಲ್ಲಿ ರಕ್ತನಾಳಗಳು ಒತ್ತೊತ್ತಾಗಿ ಹೆಣೆದುಕೊಂಡ ಸ್ಟ್ರಯಾ ವ್ಯಾಸ್ಕುಲಾರಿಸ್ ಎಂಬ ಪಟ್ಟಿಯಿದೆ. ಅದು ಎಡೆಬಿಡದೆ ಪೊಟ್ಯಾಸಿಯಂ ಅನ್ನು ಒಳಕಿವಿಯ ದ್ರವದೊಳಕ್ಕೆ ದೂಡುತ್ತಿರುತ್ತದೆ. ದೇಹದ ಜೀವಕೋಶಗಳ ಹೊರಗಿನ ದ್ರವಗಳಲ್ಲೆಲ್ಲ ಸೋಡಿಯಂ ಹೆಚ್ಚು, ಪೊಟ್ಯಾಸಿಯಂ ತೀರ ಕಡಿಮೆ. ಒಳಕಿವಿಯ ಎಂಡೋಲಿಂಫ್ ಎಂಬ ದ್ರವದಲ್ಲಿ ಮಾತ್ರ ಈ ಲೆಕ್ಕ ತಿರುಗುಮುರುಗು. ಇದರಿಂದ ಅಲ್ಲಿ ಸುಮಾರು 80 ಮಿಲಿವೋಲ್ಟ್‌ನಷ್ಟು ವಿದ್ಯುತ್ ಒತ್ತಡ ಸದಾ ತಯಾರಾಗಿರುತ್ತದೆ. ಶಬ್ದ ಬಂದು ರೋಮಕೋಶಗಳ ತುದಿಯನ್ನು ಬಾಗಿಸಿದ ಕ್ಷಣ ಪೊಟ್ಯಾಸಿಯಂ ಒಳನುಗ್ಗಿ ನರಕ್ಕೆ ಸುದ್ದಿ ಮುಟ್ಟುತ್ತದೆ. ಒಳಕಿವಿಯನ್ನು ಬ್ಯಾಟರಿಯಿಂದ ನಡೆಯುವ ಸಾಧನ ಎನ್ನುವುದಾದರೆ, ಅದರ ಚಾರ್ಜರ್ ಈ ಸ್ಟ್ರಯಾ. ಅರಸೀಕೆರೆ, ಕಡೂರಿನಂತಹ ತೆಂಗಿನ ಸೀಮೆಯಲ್ಲಿ ಹೃದಯಕ್ಕೆ ಅಪಾಯವೆಂದು ಕಿಡ್ನಿ ರೋಗಿಗಳಿಗೆ ಎಳನೀರನ್ನು ನಿಷೇಧಿಸುವುದು ಯಾವ ಪೊಟ್ಯಾಸಿಯಂ ಕಾರಣಕ್ಕೋ, ಕಿವಿ ನಡೆಯುವುದೂ ಅದೇ ಪೊಟ್ಯಾಸಿಯಂನಿಂದ. ಹಾಗೆಂದು ಎಳನೀರು ಕುಡಿದರೆ ಕಿವಿ ಚುರುಕಾಗುತ್ತದೆ ಎಂದು ಯಾರೂ ಭಾವಿಸಬೇಕಾಗಿಲ್ಲ. ಒಳಕಿವಿಯ ದ್ರವ ತನ್ನದೇ ಗೋಡೆಯೊಳಗೆ ತಯಾರಾಗುವಂಥದ್ದು.

ಈ ಬಾಂಧವ್ಯದ ಅತ್ಯಂತ ಸ್ಪಷ್ಟ ಪುರಾವೆ ವಂಶವಾಹಿ ಕಾಯಿಲೆಗಳಲ್ಲಿ ಸಿಗುತ್ತದೆ. 1927ರಲ್ಲಿ ಸೆಸಿಲ್ ಆಲ್ಪೋರ್ಟ್ ಎಂಬ ವೈದ್ಯರು ಮೂತ್ರದಲ್ಲಿ ರಕ್ತ, ಮೂತ್ರಪಿಂಡದ ವೈಫಲ್ಯ ಹಾಗೂ ಕಿವುಡು ಮೂರೂ ತಲೆಮಾರುಗಳಿಂದ ಒಟ್ಟಿಗೆ ಬರುತ್ತಿದ್ದ ಕುಟುಂಬವೊಂದರ ವರದಿ ಬರೆದರು. ಇಂದು ಅವರ ಹೆಸರಿನಿಂದಲೇ ಕರೆಯಲಾಗುವ ಈ ಕಾಯಿಲೆಯಲ್ಲಿ ಕೆಟ್ಟಿರುವುದು ಕೊಲಾಜೆನ್‌ನ ಒಂದು ನಿರ್ದಿಷ್ಟ ಬಗೆ, ಅಂದರೆ ಮೂತ್ರಪಿಂಡದ ಜರಡಿಯಲ್ಲೂ ಒಳಕಿವಿಯ ಪೊರೆಗಳಲ್ಲೂ ಕಣ್ಣಿನ ಮಸೂರದ ಚೀಲದಲ್ಲೂ ಬಳಕೆಯಾಗುವ ನಾಲ್ಕನೇ ವಿಧದ ಕೊಲಾಜೆನ್. ಹೆಚ್ಚಿನ ಕುಟುಂಬಗಳಲ್ಲಿ ದೋಷವಿರುವುದು ಎಕ್ಸ್ ವರ್ಣತಂತುವಿನಲ್ಲಾದ್ದರಿಂದ ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬಂದಾಗ ತೀವ್ರವಾಗಿರುತ್ತದೆ. "ನಮ್ಮ ಸೋದರಮಾವನಿಗೂ ಕಿವಿ ಕೇಳ್ತಿರ್ಲಿಲ್ಲ, ಅವನೂ ಕಿಡ್ನಿ ಹೋಗಿಯೇ ತೀರಿಕೊಂಡ" ಎಂಬ ಮಾತು ಹದಿಹರೆಯದ ರೋಗಿಯ ಮನೆಯವರಿಂದ ಬಂದರೆ ವೈದ್ಯರು ಕಿವಿ ನಿಮಿರಿಸಬೇಕು. ಇದೇ ಕಾಯಿಲೆಯ ಇನ್ನೊಂದು ಬಗೆಯೂ, ಮೂತ್ರನಾಳಿಕೆಗಳಲ್ಲಿ ಆಮ್ಲ ಉಳಿದುಬಿಡುವ ಕಾಯಿಲೆಯ ಕಿವುಡಿನೊಡನೆ ಬರುವ ರೂಪವೂ ತಂದೆ ತಾಯಿ ಇಬ್ಬರ ಕಡೆಯಿಂದಲೂ ದೋಷವುಳ್ಳ ವಂಶವಾಹಿ ಬಂದಾಗ ಕಾಣಿಸಿಕೊಳ್ಳುವಂಥವು. ಸೋದರಿಕೆಯಲ್ಲಿ ಮದುವೆಯಾಗುವ ವಾಡಿಕೆ ಇನ್ನೂ ಉಳಿದಿರುವ ನಮ್ಮ ಸೀಮೆಯಲ್ಲಿ ಇದು ದೂರದ ವಿಷಯವಲ್ಲ. ಇನ್ನೊಂದು ಅಪರೂಪದ ಉದಾಹರಣೆ ಬಾರ್ಟಿನ್ ಎಂಬ ಪ್ರೋಟೀನಿನದು. ಅದು ಮೂತ್ರಪಿಂಡದಲ್ಲೂ ಸ್ಟ್ರಯಾದಲ್ಲೂ ಕ್ಲೋರೈಡ್ ಹಾದಿಗಳನ್ನು ನಡೆಸುತ್ತದೆ, ಅದು ಕೆಟ್ಟ ಮಕ್ಕಳು ಹುಟ್ಟುಕಿವುಡರಾಗಿದ್ದು ಉಪ್ಪನ್ನೂ ಮೂತ್ರದಲ್ಲಿ ಕಳೆದುಕೊಳ್ಳುತ್ತಾರೆ.

ಚೀನಾದ ಸಾಂಪ್ರದಾಯಿಕ ವೈದ್ಯದಲ್ಲಿ ಮೂತ್ರಪಿಂಡದ ಬಾಗಿಲು ಕಿವಿ ಎಂಬ ನಂಬಿಕೆಯಿದೆ. ಇದನ್ನು ಹಿಡಿದು ಅಂಗಾಲಿನ ಬಿಂದು ಒತ್ತಿದರೆ ಕಿಡ್ನಿಯೂ ಕಿವಿಯೂ ಸರಿಹೋಗುತ್ತವೆಂದು ಹೇಳುವ ವಿಡಿಯೋಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತವೆ. ಎರಡು ಮಾತುಗಳು ಒಂದೇ ಕಡೆ ಬಂದು ನಿಂತ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಸಾಕ್ಷಿಯಾಗುವುದಿಲ್ಲ ಎಂಬುದನ್ನು ಇಲ್ಲಿ ಹೇಳಿ ಮುಂದೆ ಹೋಗುತ್ತೇನೆ.

ವಂಶವಾಹಿಯ ದೋಷವಿಲ್ಲದ ಬಹುಸಂಖ್ಯಾತ ರೋಗಿಗಳಲ್ಲಿ ಕಿವಿ ಕೆಡುವ ಹಾದಿಗಳು ಒಂದಕ್ಕಿಂತ ಹೆಚ್ಚು. ಕಾಕ್ಲಿಯಾಕ್ಕೆ ರಕ್ತ ಒದಗಿಸುವುದು ಒಂದೇ ಒಂದು ತೆಳುವಾದ ಅಪಧಮನಿ, ಅದು ಕಟ್ಟಿಕೊಂಡರೆ ಬದಲಿ ದಾರಿಯಿಲ್ಲ. ಮೂತ್ರಪಿಂಡದ ಸಣ್ಣ ರಕ್ತನಾಳಗಳನ್ನು ಗಡುಸಾಗಿಸುವ ಮಧುಮೇಹ ಮತ್ತು ರಕ್ತದೊತ್ತಡ ಈ ನಾಳವನ್ನೂ ಬಿಡುವುದಿಲ್ಲ. ಹೊರಹೋಗದೆ ಉಳಿದ ಕಲ್ಮಶಗಳು ಕಾಲಿನ ನರಗಳಿಗೆ ಜೋಮು ಹಿಡಿಸುವಂತೆಯೇ ಶ್ರವಣನರದ ಸಂದೇಶವನ್ನೂ ನಿಧಾನಗೊಳಿಸಬಲ್ಲವು. ರಕ್ತಹೀನತೆ, ಸೋಡಿಯಂ ಏರಿಳಿತ, ಡಯಾಲಿಸಿಸ್ ನಡೆಯುವಾಗ ರಕ್ತದೊತ್ತಡ ದಿಢೀರನೆ ಕುಸಿಯುವುದು ಇವೂ ಸೇರಿಕೊಳ್ಳುತ್ತವೆ. ಡಯಾಲಿಸಿಸ್ ತಾನೇ ಕಿವಿಯನ್ನು ಕೆಡಿಸುತ್ತದೆಯೇ ಎಂಬ ರೋಗಿಗಳ ಪ್ರಶ್ನೆಗೆ ಸಂಶೋಧನೆಗಳು ಒಂದೇ ದನಿಯಲ್ಲಿ ಉತ್ತರಿಸುವುದಿಲ್ಲ. ಕೆಲವರಲ್ಲಿ ಒಂದು ಸುತ್ತು ಮುಗಿದ ಬಳಿಕ ಶ್ರವಣ ತುಸು ಸುಧಾರಿಸಿದ್ದಿದೆ, ಕೆಲವರಲ್ಲಿ ಕುಗ್ಗಿದ್ದಿದೆ, ಅನೇಕರಲ್ಲಿ ಏನೂ ವ್ಯತ್ಯಾಸವಾಗಿಲ್ಲ. ಆದ್ದರಿಂದ ಕಿವಿಯ ಭಯಕ್ಕೆ ಡಯಾಲಿಸಿಸ್ ತಪ್ಪಿಸುವುದು ಶುದ್ಧ ಆತ್ಮಹತ್ಯೆ.

ಇಷ್ಟೆಲ್ಲದರ ನಡುವೆ ನಮ್ಮ ಕೈಯಲ್ಲೇ ಇರುವ, ಅಂದರೆ ಮನಸ್ಸು ಮಾಡಿದರೆ ತಡೆಯಬಹುದಾದ ಕಾರಣವೊಂದಿದೆ. ಅದು ಔಷಧ. ಜೆಂಟಾಮೈಸಿನ್, ಅಮಿಕಾಸಿನ್, ಸ್ಟ್ರೆಪ್ಟೋಮೈಸಿನ್ ಇವು ಅಮಿನೋಗ್ಲೈಕೋಸೈಡ್ ಎಂಬ ಒಂದೇ ಕುಟುಂಬದ ಆ್ಯಂಟಿಬಯೋಟಿಕ್‌ಗಳು. 1943ರಲ್ಲಿ ಸ್ಟ್ರೆಪ್ಟೋಮೈಸಿನ್ ಕಂಡುಹಿಡಿದಾಗ ಅದು ಕ್ಷಯಕ್ಕೆ ಸಿಕ್ಕ ಮೊದಲ ಗಟ್ಟಿ ಮದ್ದು. ಆದರೆ ಬಳಕೆ ಆರಂಭವಾದ ಕೆಲವೇ ವರ್ಷಗಳಲ್ಲಿ ರೋಗಿಗಳು ತಲೆಸುತ್ತಿ ಬೀಳುವುದನ್ನೂ ಕಿವುಡರಾಗುವುದನ್ನೂ ವೈದ್ಯರು ಗಮನಿಸಿದರು. ಒಂದು ಕಾಕ್ಲಿಯಾದಲ್ಲಿ ಇರುವುದು ಸುಮಾರು 15,000 ರೋಮಕೋಶಗಳು. ಹಕ್ಕಿಗಳಲ್ಲಿ ಇವು ಸತ್ತರೆ ಮತ್ತೆ ಹುಟ್ಟುತ್ತವೆ, ಮನುಷ್ಯರಲ್ಲಿ ಹುಟ್ಟುವುದಿಲ್ಲ. ಈ ಔಷಧಗಳು ಆ ಕೋಶಗಳೊಳಗೆ ಹೊಕ್ಕು ಅವನ್ನು ಕೊಲ್ಲುತ್ತವೆ, ಅದೂ ಮೊದಲು ಎತ್ತರದ ಶ್ರುತಿಯನ್ನು ಹಿಡಿಯುವ ಕೋಶಗಳನ್ನು.

ಮೂತ್ರಪಿಂಡದ ಪಾತ್ರ ಇಲ್ಲಿ ನೇರವಾಗಿದೆ. ಈ ಔಷಧಗಳನ್ನು ದೇಹದಿಂದ ಹೊರಹಾಕುವ ಕೆಲಸ ಬಹುತೇಕ ಪೂರ್ತಿ ಮೂತ್ರಪಿಂಡದ್ದೇ. ಆರೋಗ್ಯವಂತರಲ್ಲಿ ಜೆಂಟಾಮೈಸಿನ್‌ನ ರಕ್ತದ ಪ್ರಮಾಣ ಎರಡು ಮೂರು ಗಂಟೆಯಲ್ಲಿ ಅರ್ಧಕ್ಕಿಳಿಯುತ್ತದೆ. ಮೂತ್ರಪಿಂಡ ಪೂರಾ ಕೈಕೊಟ್ಟವರಲ್ಲಿ ಅಷ್ಟಕ್ಕೇ ಒಂದು ದಿನವನ್ನೂ ಮೀರಿ ಹಿಡಿಯಬಹುದು. ಎಂಟು ಗಂಟೆಗೊಂದು ಸೂಜಿಯಂತೆ ರೂಢಿಯ ಪ್ರಮಾಣ ಕೊಡುತ್ತ ಹೋದರೆ ಹಳೆಯದು ಖಾಲಿಯಾಗುವ ಮೊದಲೇ ಹೊಸದು ಬಂದು ಸೇರುತ್ತದೆ. ಒಳಕಿವಿಯ ದ್ರವದಿಂದ ಅದು ಹೊರಬರುವುದು ರಕ್ತದಿಂದ ಹೊರಬರುವುದಕ್ಕಿಂತಲೂ ನಿಧಾನ, ಹಾಗಾಗಿ ಔಷಧ ನಿಲ್ಲಿಸಿ ವಾರಗಳಾದ ಮೇಲೂ ಕಿವಿ ಮಂದವಾಗುತ್ತ ಹೋಗಬಹುದು. ಸಾಲದ್ದಕ್ಕೆ ಇದೇ ಔಷಧ ಮೂತ್ರಪಿಂಡವನ್ನೂ ಕೆಡಿಸುತ್ತದೆ. ಕೆಟ್ಟ ಮೂತ್ರಪಿಂಡ ಔಷಧವನ್ನು ಉಳಿಸಿಕೊಳ್ಳುತ್ತದೆ, ಉಳಿದ ಔಷಧ ಮೂತ್ರಪಿಂಡವನ್ನೂ ಕಿವಿಯನ್ನೂ ಇನ್ನಷ್ಟು ಕೆಡಿಸುತ್ತದೆ. ಇದರ ಜೊತೆಗೆ ಕಾಲು ಊದಿದವರಿಗೆ ಮೂತ್ರ ಹೋಗಲೆಂದು ಕೊಡುವ ಫ್ರುಸೆಮೈಡ್, ಅಂದರೆ ಎಲ್ಲರ ಬಾಯಲ್ಲಿರುವ ಲ್ಯಾಸಿಕ್ಸ್, ರಕ್ತನಾಳಕ್ಕೆ ದೊಡ್ಡ ಪ್ರಮಾಣದಲ್ಲಿ ವೇಗವಾಗಿ ಹೋದರೆ ಕಿವಿ ಕೆಲವು ಗಂಟೆ ಕಟ್ಟಿಕೊಳ್ಳಬಹುದು. ಮೂತ್ರಪಿಂಡದಲ್ಲಿ ಅದು ತಡೆಯುವ ಉಪ್ಪಿನ ಪಂಪಿನ ಖಾಸಾ ತಮ್ಮನೊಬ್ಬ ಸ್ಟ್ರಯಾದಲ್ಲಿ ಕೆಲಸ ಮಾಡುತ್ತಿರುತ್ತಾನೆ ಎಂಬುದೇ ಕಾರಣ. ಲ್ಯಾಸಿಕ್ಸ್ ಒಂದರಿಂದಲೇ ಆದ ಮಂದತೆ ಸಾಮಾನ್ಯವಾಗಿ ತಾನಾಗಿ ತಿಳಿಯಾಗುತ್ತದೆ. ಜೆಂಟಾಮೈಸಿನ್ ಜೊತೆ ಸೇರಿದಾಗ ಆಗುವ ಹಾನಿ ಉಳಿದುಬಿಡಬಹುದು.

ನಮ್ಮೂರುಗಳ ಸ್ಥಿತಿ ಗೊತ್ತಿರುವವರಿಗೆ ಇಲ್ಲಿ ಮುಂದಿನ ಮಾತು ಹೊಳೆಯುತ್ತದೆ. ಮೂಡಿಗೆರೆಯ ತೋಟದ ಲೈನಿನಲ್ಲಿರುವ ಕೂಲಿಕಾರರಿಗಾಗಲಿ, ಸಕಲೇಶಪುರದ ಹಳ್ಳಿಯ ರೈತರಿಗಾಗಲಿ ಜ್ವರ ಬಂದರೆ, ಉರಿಮೂತ್ರವಾದರೆ ಮೊದಲು ಕಾಣುವುದು ಹತ್ತಿರದ ಪುಟ್ಟ ಕ್ಲಿನಿಕ್ಕನ್ನು. ಮಾತ್ರೆ ಬರೆದರೆ ಡಾಕ್ಟರು ಸರಿಯಿಲ್ಲ, ಸೂಜಿ ಚುಚ್ಚಿದರೇ ಸಮಾಧಾನ. ಯಾವ ಸೂಜಿ ಎಂದು ಕೇಳುವ ರೂಢಿಯಿಲ್ಲ, ಚೀಟಿಯಲ್ಲಿ ಬರೆದುಕೊಡುವ ರೂಢಿಯೂ ಕಡಿಮೆ. ತನಗೆ ಕಿಡ್ನಿ ತೊಂದರೆಯಿದೆ ಎಂಬುದು ಆ ರೋಗಿಗೇ ಗೊತ್ತಿರದಿರಬಹುದು, ಏಕೆಂದರೆ ಅರ್ಧದಷ್ಟು ಸಾಮರ್ಥ್ಯ ಕಳೆದುಕೊಂಡ ಮೂತ್ರಪಿಂಡವೂ ನೋವಿನಿಂದಾಗಲಿ ಊತದಿಂದಾಗಲಿ ತನ್ನ ಸ್ಥಿತಿಯನ್ನು ಹೇಳಿಕೊಳ್ಳದೆ ಸುಮ್ಮನಿರಬಲ್ಲದು. ಇಲ್ಲಿ ಔಷಧವನ್ನು ರಾಕ್ಷಸನಾಗಿಸುವುದು ನನ್ನ ಉದ್ದೇಶವಲ್ಲ. ಡಯಾಲಿಸಿಸ್ ರೋಗಿಯ ರಕ್ತಕ್ಕೆ ಸೋಂಕು ಹತ್ತಿ ಪ್ರಾಣ ಹೋಗುವಂತಿರುವಾಗ ಅಮಿಕಾಸಿನ್ ಕೊಡುವ ವೈದ್ಯರು ಸರಿಯಾದ್ದನ್ನೇ ಮಾಡುತ್ತಿರುತ್ತಾರೆ. ಆದರೆ ಪ್ರಮಾಣವನ್ನು ಮೂತ್ರಪಿಂಡದ ಶಕ್ತಿಗೆ ಹೊಂದಿಸಿ, ದಿನಗಳನ್ನು ಮಿತಿಗೊಳಿಸಿ, ಸಾಧ್ಯವಿದ್ದಲ್ಲಿ ಮೊದಲೊಮ್ಮೆ ಹಾಗೂ ನಂತರ ಒಮ್ಮೆ ಕಿವಿ ಪರೀಕ್ಷಿಸುವುದು ಒಂದು ಬಗೆ. ಸುಮ್ಮನೆ ಚುಚ್ಚಿ ಕಳಿಸುವುದು ಇನ್ನೊಂದು ಬಗೆ. ಔಷಧ ಪ್ರತಿರೋಧಿ ಕ್ಷಯದ ಚಿಕಿತ್ಸೆಯಿಂದ ಕ್ಯಾನಮೈಸಿನ್ ಸೂಜಿಯನ್ನು ಕೈಬಿಡುವಂತೆ ವಿಶ್ವ ಆರೋಗ್ಯ ಸಂಸ್ಥೆ 2019ರ ಮಾರ್ಗಸೂಚಿಯಲ್ಲಿ ಹೇಳಿತು, ಅದರ ಹಿಂದಿದ್ದ ಕಾರಣಗಳಲ್ಲಿ ಕಿವುಡೂ ಒಂದು. ದೊಡ್ಡ ಕಾರ್ಯಕ್ರಮಗಳಲ್ಲಿ ಆದ ಈ ಎಚ್ಚರ ಸಣ್ಣ ಕ್ಲಿನಿಕ್ಕಿನ ಸಿರಿಂಜಿಗೆ ಇನ್ನೂ ತಗುಲಬೇಕಿದೆ.

ಮಲೆನಾಡಿನ ಕಾಯಕಗಳಿಗೆ ಸೇರಿದ ಇನ್ನೊಂದು ಸಂಗತಿಯನ್ನೂ ಹೇಳಬೇಕು. ಮರ ಕಪಾತು ಮಾಡುವ ಚೈನ್‌ಸಾ ಕೈಯಲ್ಲಿದ್ದಾಗ ಕಿವಿಯ ಬಳಿ ಸುಮಾರು 110 ಡೆಸಿಬಲ್ ಸದ್ದಿರುತ್ತದೆ; ಕಳೆ ಕೊಚ್ಚುವ ಯಂತ್ರ, ಪಲ್ಪರ್, ಕಾಫಿ ಕ್ಯೂರಿಂಗ್ ವರ್ಕ್ಸ್‌ನ ಯಂತ್ರಗಳು ಇದಕ್ಕಿಂತ ಕಡಿಮೆಯಾದರೂ ದಿನವಿಡೀ ಕೇಳುವಂಥವು. ಗದ್ದಲಕ್ಕೆ ಬಳಲಿದ ರೋಮಕೋಶಗಳನ್ನು ಅಮಿನೋಗ್ಲೈಕೋಸೈಡ್‌ಗಳು ಇನ್ನೂ ಸುಲಭವಾಗಿ ಕೊಲ್ಲುತ್ತವೆ. ಕಿವಿಗೆ ಹತ್ತಿಯನ್ನಾದರೂ ಇಟ್ಟುಕೊಳ್ಳದ ತೋಟದ ಕೆಲಸಗಾರ, ಮೈಕೈ ನೋವಿಗೆ ವರ್ಷಗಟ್ಟಲೆ ನೋವಿನ ಮಾತ್ರೆ ನುಂಗಿ ಮೂತ್ರಪಿಂಡವನ್ನೂ ದಣಿಸಿಕೊಂಡಿದ್ದರೆ, ಅವನ ಕಿವುಡಿನಲ್ಲಿ ಯಾವುದರ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಯಾರಿಂದಲೂ ಆಗದು. (ಹತ್ತಿ ಇಟ್ಟುಕೊಂಡರೂ ಅಷ್ಟೇನೂ ಪ್ರಯೋಜನವಿಲ್ಲ, ಕಿವಿ ಮುಚ್ಚುವ ಮಫ್ ಬೇಕು ಎಂಬುದು ಬೇರೆ ಮಾತು.)

ಈ ಕಿವುಡು ಬರುವ ರೀತಿಯೇ ಅದು ಗಮನಕ್ಕೆ ಬಾರದಿರಲು ಕಾರಣ. ಸದ್ದು ಪೂರ್ತಿ ನಿಲ್ಲುವುದಿಲ್ಲ, ಮೊದಲು ಕಳೆಯುವುದು ಎತ್ತರದ ಶ್ರುತಿಗಳು. ಬಸ್ಸಿನ ಹಾರ್ನು, ಬಾಗಿಲು ಬಡಿದದ್ದು, ದನ ಕೂಗಿದ್ದು ಎಲ್ಲವೂ ಕೇಳುತ್ತವೆ. ಕನ್ನಡದಲ್ಲಿ ಸ್ವರಗಳು ತಗ್ಗಿನ ಶ್ರುತಿಯವು, ದನಿ ಇರುವುದು ಅವುಗಳಲ್ಲಿ. ಸ, ಶ, ಚ, ತ, ಕ, ಪ ಇಂತಹ ವ್ಯಂಜನಗಳ ಗುರುತು ಇರುವುದು ಎತ್ತರದ ಶ್ರುತಿಗಳಲ್ಲಿ. ಅವು ಮಸುಕಾದಾಗ ಮಾತು ಕೇಳಿಸುತ್ತದೆ, ಅರ್ಥ ಹತ್ತುವುದಿಲ್ಲ. "ಬೇಕಾದ್ದು ಕೇಳ್ತದೆ, ಬೇಡದ್ದು ಕೇಳಲ್ಲ" ಎಂದು ಮನೆಯವರು ಹಂಗಿಸುವುದು ಇದಕ್ಕೇ. ಕೋಣೆಯಲ್ಲಿ ಇಬ್ಬರೇ ಇದ್ದಾಗ ಸರಾಗವಾಗಿ ಮಾತನಾಡುವವರು ಎಂಟು ಯಂತ್ರಗಳ ಗುಂಯ್‌ಗಾಟ, ಆಗಾಗ ಕಿರುಚುವ ಅಲಾರಾಂ, ಮೂಲೆಯಲ್ಲಿ ಟಿ.ವಿ. ಇರುವ ಡಯಾಲಿಸಿಸ್ ಹಾಲ್‌ನಲ್ಲಿ ತಬ್ಬಿಬ್ಬಾಗುತ್ತಾರೆ. ಮೇಲಿಂದ ಮಾಸ್ಕ್. ಅದು ಎತ್ತರದ ಶ್ರುತಿಯನ್ನು ಮತ್ತಷ್ಟು ಸೋಸುವುದಲ್ಲದೆ, ಅರಿವಿಲ್ಲದೆ ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಿದ್ದವರ ಆ ಆಸರೆಯನ್ನೂ ಕಿತ್ತುಕೊಳ್ಳುತ್ತದೆ. ಸೋಂಕು ತಡೆಯಲು ಮಾಸ್ಕ್ ಬೇಕೇ ಬೇಕು. ಹಾಗಾಗಿ ಅಲ್ಲಿ ಹೇಳಬೇಕಾದ್ದನ್ನು ಬರೆದು ತೋರಿಸುವುದೂ ಬೇಕು.

ಹೀಗೆ ಉತ್ತರ ಕೊಡದ, ಇಲ್ಲವೇ ಅಸಂಬದ್ಧ ಉತ್ತರ ಕೊಡುವ ರೋಗಿಯನ್ನು 'ಹೇಳಿದ ಮಾತು ಕೇಳದವರು' ಎಂದೋ 'ಮರೆವು ಶುರುವಾಗಿದೆ' ಎಂದೋ ಗುರುತಿಸಿಬಿಡುವುದು ಸುಲಭ. ನಮ್ಮ ಭಾಷೆಯಲ್ಲೂ ಮಾತು ಕೇಳದಿರುವುದಕ್ಕೂ ಕಿವಿ ಕೇಳದಿರುವುದಕ್ಕೂ ಒಂದೇ ಕ್ರಿಯಾಪದ. ಡಯಾಲಿಸಿಸ್ ಚಿಕಿತ್ಸೆಯ ಬಹುಪಾಲು ನಡೆಯುವುದು ಬಾಯಿಮಾತಿನಲ್ಲಿ: ದಿನಕ್ಕೆ ಎಷ್ಟು ನೀರು, ಯಾವ ಹಣ್ಣು ಬೇಡ, ಬಿ.ಪಿ. ಮಾತ್ರೆಯನ್ನು ಡಯಾಲಿಸಿಸ್ ದಿನ ಬೆಳಿಗ್ಗೆ ನುಂಗಬೇಕೇ ಬೇಡವೇ, ಮುಂದಿನ ಪಾಳಿ ಶುಕ್ರವಾರವೋ ಶನಿವಾರವೋ. ಫಿಸ್ಟುಲಾದ ವಿಷಯವನ್ನೇ ನೋಡಿ. ಸೂಜಿ ಚುಚ್ಚಲೆಂದು ಕೈಯಲ್ಲಿ ಅಪಧಮನಿಯನ್ನು ಅಭಿಧಮನಿಗೆ ಜೋಡಿಸಿ ಮಾಡಿದ ಈ ಹಾದಿ ನಡೆಯುತ್ತಿದೆಯೇ ಎಂದು ರೋಗಿ ದಿನವೂ ನೋಡಿಕೊಳ್ಳಬೇಕು. ಕೈಯನ್ನು ಕಿವಿಯ ಬಳಿ ತಂದು ಒಳಗಿನ ಗುಂಯ್ ಸದ್ದನ್ನು ಆಲಿಸುವುದನ್ನೂ, ಬೆರಳಿಟ್ಟು ಅದರ ನಡುಕವನ್ನು ಮುಟ್ಟಿ ನೋಡುವುದನ್ನೂ ಕಲಿಸಲಾಗುತ್ತದೆ. ಸದ್ದು ನಿಂತಿತೆಂದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ತಡಮಾಡದೆ ಆಸ್ಪತ್ರೆಗೆ ಓಡಬೇಕು. ಆ ಸದ್ದು ತಗ್ಗಿನ ಶ್ರುತಿಯದಾದ್ದರಿಂದ ಎಷ್ಟೋ ಮಂದಿಗೆ ಕೇಳುತ್ತಲೇ ಇರುತ್ತದೆ. ಆದರೆ ಕಿವಿ ಹೆಚ್ಚು ಮಂದವಾದವರಿಗೆ ಬೆರಳನ್ನೇ ನಂಬುವಂತೆ ಕಲಿಸಬೇಕು. ಯಾರ ಕಿವಿ ಎಷ್ಟು ಮಂದ ಎಂದು ತಿಳಿಯದೆ ಇದನ್ನು ಕಲಿಸುವುದು ಹೇಗೆ?

ತಿಳಿಯುವುದು ಕಷ್ಟದ ಕೆಲಸವಲ್ಲ. ಮೊದಲು ಕಿವಿಯೊಳಗೆ ನೋಡಬೇಕು. ಗುಗ್ಗೆ ತುಂಬಿಕೊಂಡಿದ್ದರೆ, ಕಿವಿ ಸೋರುತ್ತಿದ್ದರೆ, ಮಳೆಗಾಲದ ಥಂಡಿಯಲ್ಲಿ ಬೂಸ್ಟು ಬೆಳೆದಿದ್ದರೆ ಅದಕ್ಕೆ ಕಿಡ್ನಿಯನ್ನು ದೂರುವುದು ಹಾಸ್ಯಾಸ್ಪದ. ಆಮೇಲೆ ಸದ್ದಿಲ್ಲದ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಸಿ 250ರಿಂದ 8,000 ಹರ್ಟ್ಸ್‌ವರೆಗಿನ ಶ್ರುತಿಗಳನ್ನು ಒಂದೊಂದಾಗಿ ಕೇಳಿಸಿ, ಕೇಳಿದಾಗ ಬೆರಳೆತ್ತಲು ಹೇಳುವ ಆಡಿಯೋಗ್ರಾಂ. ಅರ್ಧ ಗಂಟೆಯ ಕೆಲಸ. 2006ರಲ್ಲಿ ಆರಂಭವಾದ ಹಾಸನದ ವೈದ್ಯಕೀಯ ಕಾಲೇಜಿನಲ್ಲೂ ಈಚೆಗೆ ಆರಂಭವಾದ ಚಿಕ್ಕಮಗಳೂರಿನ ಕಾಲೇಜಿನಲ್ಲೂ ಇ.ಎನ್.ಟಿ. ವಿಭಾಗವಿದೆ. ಇನ್ನೂ ಆಳವಾದ ಪರೀಕ್ಷೆ ಬೇಕಾದರೆ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನಲ್ಲಿದೆ. ಇಡೀ ದೇಶ ಹುಡುಕಿಕೊಂಡು ಬರುವ ಸಂಸ್ಥೆ ಹಾಸನದವರಿಗೆ ಮೂರು ಗಂಟೆಯ ಬಸ್ಸಿನ ದಾರಿ. ಆದರೂ ಸೋಮವಾರ ಮತ್ತು ಗುರುವಾರ ಯಂತ್ರಕ್ಕೆ ಕಟ್ಟಿಬಿದ್ದು, ಮರುದಿನ ಸುಸ್ತಿನಲ್ಲಿ ಮಲಗುವ ಮನುಷ್ಯನಿಗೆ ವಾರದಲ್ಲಿ ಉಳಿಯುವ ಒಳ್ಳೆಯ ದಿನಗಳೇ ಎರಡೋ ಮೂರೋ. ಅದರಲ್ಲೊಂದನ್ನು ಕಿವಿಗಾಗಿ ಕೊಡಿ ಎಂದರೆ ಕೊಡುವವರು ವಿರಳ. ಡಯಾಲಿಸಿಸ್‌ಗೆ ಬಂದ ದಿನವೇ, ಯಂತ್ರಕ್ಕೆ ಜೋಡಿಸುವ ಮೊದಲು ಪಕ್ಕದ ವಿಭಾಗದಲ್ಲಿ ಪರೀಕ್ಷೆ ಮುಗಿಯುವಂತೆ ಒಂದು ಚೀಟಿ ಬರೆದರೆ ಅರ್ಧ ಸಮಸ್ಯೆ ಅಲ್ಲೇ ತೀರುತ್ತದೆ. 2016ರಲ್ಲಿ ಪ್ರಕಟವಾದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮವೂ, ಅದಕ್ಕೂ ಮೊದಲೇ 2007ರ ಸುಮಾರಿಗೆ ಶುರುವಾದ ರಾಷ್ಟ್ರೀಯ ಶ್ರವಣದೋಷ ತಡೆ ಕಾರ್ಯಕ್ರಮವೂ ಒಂದೇ ಆರೋಗ್ಯ ಇಲಾಖೆಯ ಸೂರಿನಡಿ ಇವೆ. ಅವೆರಡರ ನಡುವೆ ಈ ಚೀಟಿ ಮಾತ್ರ ಓಡಾಡುವುದಿಲ್ಲ.

ಇದಕ್ಕೆ ಬರುವ ಆಕ್ಷೇಪವನ್ನು ಲಘುವಾಗಿ ಕಾಣಲಾಗದು. ನರದ ಕಿವುಡಿಗೆ ಔಷಧವಿಲ್ಲ, ಸತ್ತ ಕೋಶ ಮರಳಿ ಬರುವುದಿಲ್ಲ, ಹಾಗಿದ್ದ ಮೇಲೆ ಪರೀಕ್ಷಿಸಿ ಮಾಡುವುದೇನು ಎಂದು ಕೆಲಸದೊತ್ತಡದಲ್ಲಿರುವ ವೈದ್ಯರು ಕೇಳುತ್ತಾರೆ. ಎಲ್ಲ ಕಿಡ್ನಿ ರೋಗಿಗಳನ್ನೂ ವರ್ಷ ವರ್ಷ ಪರೀಕ್ಷಿಸಿರೆಂದು ನಾನೂ ಹೇಳಲಾರೆ, ಅಷ್ಟು ಆಡಿಯಾಲಜಿಸ್ಟ್‌ಗಳು ನಮ್ಮಲ್ಲಿಲ್ಲ. ಆದರೆ ಮೂತ್ರಪಿಂಡದ ಸೋಸುವ ಸಾಮರ್ಥ್ಯ (ವರದಿಗಳಲ್ಲಿ ಜಿ.ಎಫ್.ಆರ್. ಎಂದಿರುವ ಅಂಕಿ) ನಿಮಿಷಕ್ಕೆ 60 ಮಿ.ಲೀ.ಗಿಂತ ಕೆಳಗಿಳಿದು ಕಾಯಿಲೆ ಖಚಿತವಾದಾಗ ಒಂದು ಸಲ, ಡಯಾಲಿಸಿಸ್ ಶುರುವಾಗುವಾಗ ಒಂದು ಸಲ, ಅಮಿನೋಗ್ಲೈಕೋಸೈಡ್ ಕೊಡಲೇಬೇಕಾದಾಗ ಹಿಂದೆ ಮುಂದೆ ಒಂದೊಂದು ಸಲ ಎಂದರೆ ಅದು ಅಸಾಧ್ಯದ ಬೇಡಿಕೆಯಲ್ಲ. ಸಕ್ಕರೆ ಕಾಯಿಲೆಯವರನ್ನು ಕಣ್ಣಿನ ಅಕ್ಷಿಪಟಲ ತೋರಿಸಿಕೊಳ್ಳಲು ಕಳುಹಿಸುವುದು ಈಗ ಜಿಲ್ಲಾ ಮಟ್ಟದಲ್ಲಿ ರೂಢಿಯಾಗಿದೆ, ಅದೂ ಒಂದು ಕಾಲಕ್ಕೆ ಹೊಸತೇ ಆಗಿತ್ತು. ಮೊದಲ ಆಡಿಯೋಗ್ರಾಂ ಇದ್ದರೆ ಮುಂದಿನ ಇಳಿಕೆ ತಿಳಿಯುತ್ತದೆ, ಇಳಿಕೆ ತಿಳಿದರೆ ಔಷಧ ಬದಲಿಸಬಹುದು. ಇನ್ನು ಕಿವಿ ಒಂದೆರಡು ದಿನದಲ್ಲಿ ದಿಢೀರನೆ ಕೇಳದಂತಾದರೆ ಅದು ತುರ್ತುಸ್ಥಿತಿ: ಸ್ಟೀರಾಯ್ಡ್ ಚಿಕಿತ್ಸೆ ಫಲ ಕೊಡುವುದು ಬಹುಮಟ್ಟಿಗೆ ಮೊದಲ ಎರಡು ವಾರಗಳಲ್ಲಿ. ಆ ಎರಡು ವಾರ ನಮ್ಮಲ್ಲಿ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡುವುದರಲ್ಲಿ ಕಳೆದುಹೋಗುತ್ತದೆ.

ಶ್ರವಣಸಾಧನದ ವಿಷಯ ಹಣದ್ದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಎರಡೂ ಕಿವಿಗಳಲ್ಲಿ ಮಾತಿನ ಶ್ರುತಿಗಳಲ್ಲಿ 60 ಡೆಸಿಬಲ್‌ನಿಂದ 70 ಡೆಸಿಬಲ್‌ವರೆಗೆ ನಷ್ಟವಿದ್ದವರು 'ಮಂದ ಶ್ರವಣ'ದವರು, ಅದಕ್ಕಿಂತ ಹೆಚ್ಚಾದರೆ ಕಿವುಡರು. ವಿಶ್ವ ಆರೋಗ್ಯ ಸಂಸ್ಥೆಯಾದರೋ ಚೆನ್ನಾಗಿ ಕೇಳುವ ಕಿವಿಯಲ್ಲಿ 35 ಡೆಸಿಬಲ್ ದಾಟಿದ ನಷ್ಟವನ್ನೇ ಬದುಕಿಗೆ ತೊಡಕೆಂದು ಎಣಿಸುತ್ತದೆ. ಕಿಡ್ನಿ ರೋಗಿಗಳಲ್ಲಿ ಅನೇಕರು ಬೀಳುವುದು ಈ ಎರಡು ಗೆರೆಗಳ ನಡುವಿನ ಹಳ್ಳಕ್ಕೆ. ಮಾತು ಅರ್ಥವಾಗದಷ್ಟು ಕಿವುಡು, ಅಂಗವೈಕಲ್ಯದ ಪ್ರಮಾಣಪತ್ರ ಸಿಗದಷ್ಟು ಕಡಿಮೆ. ವಾರಕ್ಕೆರಡು ಸಲದ ಬಸ್ ಚಾರ್ಜು, ಜೊತೆಗೆ ಬರುವವರ ಕೂಲಿ ನಷ್ಟ, ರಕ್ತ ಹೆಚ್ಚಿಸುವ ಸೂಜಿಯ ಖರ್ಚು ಇವೆಲ್ಲ ಕಳೆದ ಮೇಲೆ ಸಾವಿರಾರು ರೂಪಾಯಿಯ ಸಾಧನ ಕೊಳ್ಳಲು ಯಾವ ಮನೆಯಲ್ಲೂ ದುಡ್ಡು ಉಳಿದಿರುವುದಿಲ್ಲ. ದೀರ್ಘಕಾಲದ ಕಾಯಿಲೆಯ ಚಿಕಿತ್ಸೆಯನ್ನೇ ಅವಲಂಬಿಸಿರುವವರಿಗೆ ಈ ಗೆರೆಯನ್ನು ಸಡಿಲಿಸಬೇಕೆಂಬುದು ನನ್ನ ಅಭಿಪ್ರಾಯ. ಗೆರೆ ಸರಿಯುವವರೆಗೆ ಮಾಡಬಹುದಾದದ್ದಕ್ಕೆ ದುಡ್ಡು ಬೇಕಾಗಿಲ್ಲ: ಹಾಸಿಗೆಯ ತಲೆಯ ಬಳಿ ಕಿವಿಯ ಗುರುತಿರುವ ಒಂದು ಚೀಟಿ, ಮಾತನಾಡುವ ಮೊದಲು ಟಿ.ವಿ. ಸದ್ದು ತಗ್ಗಿಸುವುದು, ಮುಖಕ್ಕೆ ಮುಖ ಕೊಟ್ಟು ನಿಧಾನವಾಗಿ ಹೇಳುವುದು, ಹೇಳಿದ್ದನ್ನು ರೋಗಿಯ ಬಾಯಿಂದಲೇ ಮತ್ತೊಮ್ಮೆ ಹೇಳಿಸುವುದು.

ಆಲೂರಿನ ಆ ರೈತರ ವಿಷಯಕ್ಕೆ ಬಂದರೆ, ನಕ್ಕವರಲ್ಲಿ ಸೇರದ ಒಬ್ಬ ಟೆಕ್ನೀಷಿಯನ್ ಅಲ್ಲಿದ್ದ. ಆತ ಮೇಜಿನ ಮೇಲಿದ್ದ ಖಾಲಿ ನೀರಿನ ಬಾಟಲಿಯೊಂದನ್ನು ತೆಗೆದುಕೊಂಡು, ಮುಕ್ಕಾಲಿನ ಅಳತೆಗೆ ಪೆನ್ನಿನಿಂದ ಗೀಟು ಎಳೆದು, "ದಿನಕ್ಕೆ ಇಷ್ಟೇ" ಎಂದು ದಪ್ಪಕ್ಷರದಲ್ಲಿ ಬರೆದು ಅವರ ಹೆಂಡತಿಯ ಕೈಗಿತ್ತ. ರೈತರು ಬಾಟಲಿಯನ್ನು ಇಸಿದುಕೊಂಡು ಗೀಟನ್ನು ಒಮ್ಮೆ, ನರ್ಸ್ ಮುಖವನ್ನು ಒಮ್ಮೆ ನೋಡಿ, "ಇಷ್ಟೇನಾ? ಮೊದ್ಲೇ ಹೇಳ್ಬಾರ್ದಿತ್ತಾ?" ಎಂದರು.